ಎರಡನೇ ಗೇರ್ ಇನ್ನೂ ಎದ್ದಿಲ್ಲ

ಬೆಳಗ್ಗೆ ನನ್ನ ಹಳೇ ಇಟಾಲಿಯನ್ ಕಾರು ಸ್ಟಾರ್ಟ್ ಮಾಡೋಕೆ ಒಂದು ಕ್ರಮ ಇದೆ. ಆಕ್ಸಿಲರೇಟರ್ ಎರಡೇ ಸಲ ಒತ್ತಬೇಕು. ಮೂರು ಸಲ ಒತ್ತಿದರೆ ಪ್ಲಗ್ ಪೆಟ್ರೋಲಲ್ಲಿ ನೆನೆದು ಹತ್ತು ನಿಮಿಷ ಸುಮ್ನೆ ಕೂರಬೇಕು. ಒಂದೇ ಸಲ ಒತ್ತಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಕೇಳಿಸಿಕೊಳ್ಳುವುದಿಲ್ಲ. ಚೋಕ್ ಅರ್ಧಕ್ಕಿಂತ ಒಂದು ಕೂದಲಷ್ಟು ಜಾಸ್ತಿ ಎಳೆಯಬೇಕು. ಆ ಕೂದಲು ಎಷ್ಟು ದಪ್ಪ ಅಂತ ಕಲಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಎಂಜಿನ್ ಎದ್ದ ಮೇಲೆ ಒಂದು ನಿಮಿಷ ಅದರ ಪಾಡಿಗೆ ಬಿಡಬೇಕು. ಆಮೇಲೆ ಮೊದಲನೇ ಗೇರ್ ಹಾಕಿ ಹೊರಟು, ಎರಡನೆಯದನ್ನು ಬಿಟ್ಟು, ಸೀದಾ ಮೂರನೆಯದಕ್ಕೆ ಹೋಗಬೇಕು. ಎರಡನೇ ಗೇರ್ ಆಗ ಇನ್ನೂ ನಿದ್ದೆಯಲ್ಲಿರುತ್ತದೆ. ಬಲವಂತವಾಗಿ ಎಬ್ಬಿಸಿದರೆ ಕರ್ರ್ ಅಂತ ಒಂದು ಸದ್ದು ಬರುತ್ತದೆ ನೋಡಿ, ಅದು ಗೇರ್‌ಬಾಕ್ಸಿಂದ ಬರೋದಲ್ಲ, ನಮ್ಮ ಹಲ್ಲಿನ ಬುಡದಿಂದ ಬರೋದು.

ಇದು ನನ್ನ ಕಾರೊಂದರ ಕಥೆಯಲ್ಲ. ಹಳೆಯ ಎಷ್ಟೋ ಇಟಾಲಿಯನ್ ಕಾರುಗಳಲ್ಲಿ ಎರಡನೇ ಗೇರಿನ ಸಿಂಕ್ರೊ, ಅಂದರೆ ಗೇರ್ ಸದ್ದಿಲ್ಲದೆ ಕೂರಲಿ ಅಂತ ವೇಗ ಹೊಂದಿಸುವ ಉಂಗುರ, ಬೇಗ ಸವೆಯುತ್ತದೆ, ಗೇರ್ ಆಯಿಲ್ ತಣ್ಣಗೆ ಗಟ್ಟಿಯಾಗಿದ್ದಾಗ ಅದಕ್ಕೆ ಕೆಲಸ ಆಗುವುದೇ ಇಲ್ಲ. ಐದು ಕಿಲೋಮೀಟರ್ ಓಡಿಸಿ ಆಯಿಲ್ ಬಿಸಿಯಾಯಿತು ಅನ್ನಿ, ಬೆಣ್ಣೆಯಲ್ಲಿ ಚಾಕು ಇಟ್ಟ ಹಾಗೆ ಬೀಳುತ್ತದೆ. ಐದು ಕಿಲೋಮೀಟರ್ ಅಷ್ಟೇ ಕೇಳುವುದು ಅದು. ಹೊಸ ಕಾರಿನವರಿಗೆ ಇದನ್ನು ವಿವರಿಸಲು ಹೋಗಿ ನಾನು ತುಂಬಾ ಸಲ ಸೋತಿದ್ದೇನೆ.

ನನ್ನ ಕಾರು ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಮುಂದೆ ಅದರ ಬಗ್ಗೆ ಒಂದಷ್ಟು ದೂರು ಹೇಳಲಿಕ್ಕಿದೆ, ಹೆಸರು ಹಿಡಿದು ಬೈದರೆ ನಾಳೆ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ ಅನ್ನುವ ಭಯ. 1970ರ ದಶಕದ್ದು, ನಾಲ್ಕು ಬಾಗಿಲು, ಡಬಲ್ ಕ್ಯಾಮ್ (ವಾಲ್ವು ತೆರೆಯಲು ಎರಡು ಕ್ಯಾಮ್‌ಶಾಫ್ಟ್ ಇರುವ) ಎಂಜಿನ್, ಐದು ಗೇರ್. ಡ್ಯಾಶ್‌ಬೋರ್ಡಿನಲ್ಲಿ ಒಂದು ಗಡಿಯಾರ ಇದೆ, ನಾನು ಕೊಂಡ ದಿನದಿಂದ ನಾಲ್ಕೂ ಇಪ್ಪತ್ತಕ್ಕೆ ನಿಂತಿದೆ. ಇಷ್ಟು ಸಾಕು.

ಈ ಕಾರುಗಳನ್ನು ಅರ್ಥ ಮಾಡಿಕೊಳ್ಳಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಟ್ಟುವಾಗ ದುಡ್ಡು ಎಲ್ಲಿಗೆ ಹೋಯಿತು? ಬೇರೆ ಕಡೆಯವರು ಸೀಟಿಗೆ, ಪೇಂಟಿಗೆ, ಬಾಗಿಲು ಮುಚ್ಚಿದಾಗ ಬರುವ ಗಟ್ಟಿ ಸದ್ದಿಗೆ ಹಾಕಿದ ದುಡ್ಡನ್ನು ಇವರು ಬಾನೆಟ್ಟಿನ ಒಳಗೆ ಸುರಿದರು. 1962ರ ಆಲ್ಫಾ ರೋಮಿಯೊ ಜ್ಯೂಲಿಯಾ ನೋಡಿ. ನೋಡೋಕೆ ರಟ್ಟಿನ ಡಬ್ಬ. ಮಕ್ಕಳು ಕಾರಿನ ಚಿತ್ರ ಬರೆದರೆ ಹೀಗೇ ಬರೆಯೋದು. ಆದರೆ ಬಾನೆಟ್ ಎತ್ತಿದರೆ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, ಬಿಸಿ ಬೇಗ ಸಾಗಿಸಲಿ ಅಂತ ಒಳಗೆ ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವು, ಐದು ಗೇರಿನ ಬಾಕ್ಸು. ಇದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸಂಸಾರಿಗಳ ಕಾರು! ಇನ್ನೊಂದು ತಮಾಷೆ ಅಂದರೆ ಆ ಡಬ್ಬಕ್ಕೆ ಗಾಳಿಯ ತಡೆಯ ಅಂಕಿ (ಕಮ್ಮಿ ಇದ್ದಷ್ಟೂ ಗಾಳಿ ಸಲೀಸಾಗಿ ಸೀಳುತ್ತದೆ) ಬರೀ 0.34. ನೋಡೋಕೆ ನುಣುಪಾಗಿದ್ದ ಆ ಕಾಲದ ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗೂ ಅಷ್ಟು ಕಮ್ಮಿ ಇರಲಿಲ್ಲ. ಇಟಲಿಯ ಪೊಲೀಸರು ಇದನ್ನೇ ಓಡಿಸುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಬೇಕಾದ ಕಳ್ಳರಿಗೂ ಇದೇ ಬೇಕಾಗುತ್ತಿತ್ತು ಅಂತಾರೆ. ನ್ಯಾಯವಾದ ಮಾತೇ ಅಲ್ವಾ.

1966ರ ಫಿಯೆಟ್ 124 ಇನ್ನೂ ಸಾಧಾರಣ ಕಾರು. ಆದರೂ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಇವತ್ತಿಗೂ ಎಷ್ಟೋ ಹೊಸ ಕಾರುಗಳ ಹಿಂದಿನ ಚಕ್ರದಲ್ಲಿ ಡ್ರಮ್ಮೇ ಇರುತ್ತದೆ. ಅದೇ ಕುಟುಂಬದ 124 ಸ್ಪೋರ್ಟ್‌ಗೆ ಡಬಲ್ ಕ್ಯಾಮ್ ಎಂಜಿನ್ ಮಾಡಿದವರು ಔರೇಲಿಯೊ ಲಾಂಪ್ರೆದಿ, ಮೊದಲು ಫೆರಾರಿಗೆ ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ ಮಾಡಿದ್ದ ಮನುಷ್ಯ. ಕ್ಯಾಮ್ ತಿರುಗಿಸಲು ಚೈನ್ ಬದಲು ಹಲ್ಲಿರುವ ರಬ್ಬರ್ ಬೆಲ್ಟ್ ಹಾಕಿದರು. ಅದೇ ಎಂಜಿನ್ನಿನ ಸಂತಾನ ಮುಂದೆ ಇಟಲಿಯ ಇನ್ನೊಂದು ಕಂಪನಿ ಲಾಂಚಿಯಾದ ಡೆಲ್ಟಾ ಕಾರಿನಲ್ಲಿ ಕೂತು 1987ರಿಂದ 1992ರವರೆಗೆ ಸತತ ಆರು ಸಲ ವಿಶ್ವ ರ‍್ಯಾಲಿಯ ತಯಾರಕರ ಪಟ್ಟ ಗೆದ್ದಿತು. ಬೆಲ್ಟ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಅದು ನೋಟಿಸ್ ಕೊಟ್ಟು ಹರಿಯುವುದಿಲ್ಲ.

ಲಾಂಚಿಯಾದವರ ಹುಚ್ಚು ಇನ್ನೊಂದು ಮಟ್ಟದ್ದು. ಫುಲ್ವಿಯಾ ಅನ್ನುವ ಸಣ್ಣ ಕಾರಿಗೆ ವಿ4 ಎಂಜಿನ್, ಅಂದರೆ ನಾಲ್ಕು ಸಿಲಿಂಡರ್ ವಿ ಆಕಾರದಲ್ಲಿ ಎರಡು ಸಾಲಾಗಿ ನಿಂತ ಎಂಜಿನ್ ಹಾಕಿದರು. ವಿ ಅಂದರೆ ನೀವು ಅಂದುಕೊಳ್ಳುವ ಅಗಲದ ವಿ ಅಲ್ಲ, 13 ಡಿಗ್ರಿ ಆಸುಪಾಸಿನ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ವಿ. ಎರಡೂ ಸಾಲಿನ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಒಂದೇ. ಅದನ್ನೂ ನೆಟ್ಟಗೆ ಕೂರಿಸದೆ ಒಂದು ಪಕ್ಕಕ್ಕೆ 45 ಡಿಗ್ರಿ ಮಲಗಿಸಿದರು. ಇಷ್ಟೆಲ್ಲಾ ಯಾಕೆ ಬೇಕಿತ್ತು ಅಂದರೆ, ಚೆನ್ನಾಗಿರುತ್ತದೆ ಅಂತ! ಲೆಕ್ಕ ಬರೆಯುವವರ ಮಾತು ಅಲ್ಲಿ ಯಾರೂ ಕೇಳುತ್ತಿರಲಿಲ್ಲ ಅನ್ನಿಸುತ್ತದೆ. 1969ರಲ್ಲಿ ಸಾಲ ತಲೆಗೆ ಬಂದು ಕಂಪನಿ ಫಿಯೆಟ್ ಕೈಸೇರಿತು. ಅದಾದ ಮೇಲೆ, 1972ರಲ್ಲಿ, ವಯಸ್ಸಾಗಿದ್ದ ಅದೇ ಫುಲ್ವಿಯಾ ಅಂತರರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದಿತು.

ಎಂಜಿನ್ನಿಗೆ ಇಷ್ಟು ಖರ್ಚು ಮಾಡಿದ ಮೇಲೆ ಡಬ್ಬಿಯಲ್ಲಿ ಉಳಿದ ಚಿಲ್ಲರೆಯಲ್ಲಿ ವೈರಿಂಗ್ ಮಾಡಿದರು. ಇದು ನನ್ನ ಊಹೆ. ಆದರೆ ಒಂದು ರಾತ್ರಿ ಮಳೆಯಲ್ಲಿ ಹೆಡ್‌ಲೈಟ್ ಆರಿಹೋಗಿ, ಮುಂದೆ ತಿರುವು ಇದ್ದು, ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತವರಿಗೆ ಇದು ಊಹೆ ಅನ್ನಿಸುವುದಿಲ್ಲ.

ಆ ರಾತ್ರಿ ಹೇಳಿಬಿಡುತ್ತೇನೆ. ಪಕ್ಕದಲ್ಲಿ ಹೆಂಡತಿ. ವೈಪರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಯೋಚನೆ ಮಾಡುತ್ತಾ ಹೋಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಎಡಗಡೆ ಲೈಟ್ ಹೋಯಿತು. ಎರಡು ನಿಮಿಷಕ್ಕೆ ಬಲಗಡೆಯದೂ ಹೋಯಿತು. ಪಾರ್ಕಿಂಗ್ ಲೈಟಿನ ಹಳದಿ ಬೆಳಕಿನಲ್ಲಿ ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಅವಳು ಏನೂ ಮಾತಾಡಲಿಲ್ಲ, ಗ್ಲವ್ ಬಾಕ್ಸಿಂದ ಟಾರ್ಚ್ ತೆಗೆದು ಕೊಟ್ಟಳು. ಮಾತಾಡಿದ್ದರೇ ವಾಸಿ ಇತ್ತು.

ಈ ಕಾರುಗಳ ಫ್ಯೂಸ್ ಈಗಿನ ಹಾಗೆ ಚಪ್ಪಟೆ ಕಾಲಿನದ್ದಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಎರಡು ತುದಿಯೂ ಚೂಪು, ಒಳ್ಳೆ ಸಣ್ಣ ಬುಲೆಟ್ ಥರ. ಪಿಂಗಾಣಿ ಅಥವಾ ಪ್ಲಾಸ್ಟಿಕ್ಕಿನ ಮೈ ಮೇಲೆ ಒಂದು ತೆಳು ಲೋಹದ ಪಟ್ಟಿ. ಬಿಳಿಯದು 8 ಆಂಪಿಯರ್, ಕೆಂಪು 16. ಎರಡು ಹಿತ್ತಾಳೆ ಎಲೆಗಳ ನಡುವೆ ಸುಮ್ನೆ ಒತ್ತಡದಲ್ಲಿ ನಿಂತಿರುತ್ತದೆ. ಫ್ಯೂಸ್ ಸುಡಬೇಕಂತೇನೂ ಇಲ್ಲ. ತುದಿಗೆ ಸ್ವಲ್ಪ ಕಿಲುಬು ಹಿಡಿದರೆ ಸಾಕು, ಕರೆಂಟ್ ಹರಿಯೋಕೆ ಅಡ್ಡಿಯಾಗಿ ಅಲ್ಲೇ ಬಿಸಿಯಾಗುತ್ತದೆ, ಬಿಸಿಗೆ ಹಿತ್ತಾಳೆ ಎಲೆಯ ಸ್ಪ್ರಿಂಗು ಸಡಿಲ ಆಗುತ್ತದೆ, ಸಡಿಲ ಆದಷ್ಟೂ ಇನ್ನೂ ಬಿಸಿ, ಕೊನೆಗೊಂದು ದಿನ ಮಳೆಯಲ್ಲಿ, ಅದೂ ರಾತ್ರಿಯಲ್ಲೇ, ಬೆಳಕು ಹೋಗುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಬದಲು ದೊಡ್ಡ ಕರೆಂಟ್ ಹೊರುವ ಪುಟ್ಟ ಪೆಟ್ಟಿಗೆ) ಕೂಡ ಇಲ್ಲ. ಅಷ್ಟೂ ಕರೆಂಟ್ ಸ್ಟೀರಿಂಗ್ ಪಕ್ಕದ ಪುಟ್ಟ ಸ್ವಿಚ್ಚಿನ ಮೂಲಕವೇ ಹೋಗಿ ಬರಬೇಕು.

ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದೆ. ಫ್ಯೂಸ್‌ಗಳೆಲ್ಲ ಚೆನ್ನಾಗೇ ಇದ್ದವು. ಮೂರನೆಯದನ್ನು ಎರಡು ಬೆರಳಲ್ಲಿ ಹಿಡಿದು, ಹಳೇ ರೇಡಿಯೊದಲ್ಲಿ ಸ್ಟೇಷನ್ ಹುಡುಕುವ ಹಾಗೆ ಮೆಲ್ಲಗೆ ಹೊರಳಿಸಿದೆ. ಎಡಗಡೆ ಲೈಟ್ ಬಂತು. ನಾಲ್ಕನೆಯದು ಹೊರಳಿಸಿದೆ. ಬಲಗಡೆಯದೂ ಬಂತು. ಬೆರಳು ಚುರ್ ಅಂತು. ಒಳಗಿನಿಂದ ಹೆಂಡತಿ ಕೇಳಿದಳು, "ರೀ, ಏನು ಮಾಡಿದ್ರಿ?" ತಿರುಗಿಸಿದೆ ಅಂದೆ. "ತಿರುಗಿಸಿದ್ರಾ? ಅಷ್ಟೇನಾ?" ಹೂಂ ಅಷ್ಟೆ. ಆವತ್ತು ನನಗಾದ ಹೆಮ್ಮೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಾರನೇ ದಿನವೇ ತುದಿಗಳನ್ನೆಲ್ಲ ಉಜ್ಜಿ, ಎರಡು ರಿಲೇ ಹಾಕಿಸಿದೆ. ಹಳೆಯ ಇಟಾಲಿಯನ್ ಕಾರು ತಗೊಂಡವರು ಮಾಡಬೇಕಾದ ಮೊದಲ ಕೆಲಸ ಅದೇ: ರಿಲೇ ಹಾಕಿಸಿ, ಅರ್ಥ್ ವೈರ್ ಬಾಡಿಗೆ ಸೇರುವ ಕಡೆಯೆಲ್ಲ ಬಿಚ್ಚಿ, ಹೊಳೆಯುವ ತನಕ ಉಜ್ಜಿ, ಗ್ರೀಸ್ ಸವರಿ ವಾಪಸ್ ಬಿಗಿಯಿರಿ. ಎಡಗಡೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗುವುದು, ವೈಪರ್ ಹಾಕಿದರೆ ಪೆಟ್ರೋಲ್ ಮುಳ್ಳು ಇಳಿಯುವುದು, ಈ ದೆವ್ವದ ಕಾಟದಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಬಿಡುತ್ತದೆ.

ಇನ್ನು ತುಕ್ಕು.

ಕಾರು ನೋಡಲು ಹೋದಾಗ ಎಲ್ಲರೂ ಎಂಜಿನ್ ಸದ್ದು ಕೇಳುತ್ತಾರೆ. ನಾನೂ ಕೇಳಿದೆ, ಮರುಳಾದೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿ ಮಾಡಬಹುದು. ಬಾಡಿ ಹೋದರೆ ಏನನ್ನು ಸರಿ ಮಾಡುತ್ತೀರಿ? ನನ್ನ ಮೆಕ್ಯಾನಿಕ್ ಮೊದಲ ದಿನವೇ ಒಂದು ಆಯಸ್ಕಾಂತ ತಂದು ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಹಿಡಿದುಕೊಂಡು ಹೋದ. ಅರ್ಧ ದಾರಿಯಲ್ಲಿ ಅದು ಕೆಳಗೆ ಬಿತ್ತು. "ಸಾರ್, ಇಲ್ಲಿಂದ ಮುಂದೆ ಕಾರಿಲ್ಲ" ಅಂದ. ಸ್ಕ್ರೂಡ್ರೈವರಲ್ಲಿ ಕೆರೆದರೆ ಪುಟ್ಟಿ ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಪುಟ್ಟಿಯ ಹಿಂದೆ ತುರುಕಿದ್ದ ನ್ಯೂಸ್ ಪೇಪರ್ ಬಂತು. ಇಟಾಲಿಯನ್ ಪೇಪರ್, ಅರ್ಧ ಫುಟ್‌ಬಾಲ್ ಪುಟ. ಒಂದು ಪಂದ್ಯ 1–1ಕ್ಕೆ ಮುಗಿದಿತ್ತು. ತಂಡಗಳ ಹೆಸರನ್ನು ತುಕ್ಕು ತಿಂದುಬಿಟ್ಟಿತ್ತು. ಆ ಚೂರು ನನ್ನ ಹತ್ತಿರ ಇನ್ನೂ ಇದೆ.

ಯಾಕೆ ಹೀಗೆ ತುಕ್ಕು ಹಿಡಿಯುತ್ತಿತ್ತು ಅನ್ನುವುದಕ್ಕೆ ಒಂದು ಜನಪ್ರಿಯ ಕಥೆ ಇದೆ. ಫಿಯೆಟ್‌ನವರು ಸೋವಿಯತ್ ಒಕ್ಕೂಟಕ್ಕೆ ಕಾರಿನ ಫ್ಯಾಕ್ಟರಿ ಕಟ್ಟಿಕೊಟ್ಟರು, ಅದಕ್ಕೆ ಬದಲಾಗಿ ಕಳಪೆ ಉಕ್ಕು ಸಿಕ್ಕಿತು, ಅದರಲ್ಲೇ ಕಾರು ಮಾಡಿದರು ಅಂತ. ಫ್ಯಾಕ್ಟರಿ ಕಟ್ಟಿದ್ದು ನಿಜ. ಇಟಲಿಯ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ಹೆಸರಿಟ್ಟಿದ್ದ ಊರಲ್ಲಿ 1970ರಿಂದ ಫಿಯೆಟ್ 124ರ ರಷ್ಯನ್ ತಮ್ಮ ತಯಾರಾಗತೊಡಗಿದ, ಮುಂದೆ ಲಾಡಾ ಅಂತ ಹೆಸರು ಮಾಡಿದ. ಆದರೆ ಉಕ್ಕಿನ ಕಥೆ ನನಗೆ ಒಪ್ಪಿಗೆಯಿಲ್ಲ. ಕಾರಿನಡಿ ಮಲಗಿ ನೋಡಿದವರಿಗೆ ರಷ್ಯಾದ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ. ಒಳಗೆ ಟೊಳ್ಳಾದ ಪಟ್ಟಿಗಳು, ಅದರೊಳಗೆ ಪೇಂಟೂ ಇಲ್ಲ, ಮೇಣವೂ ಇಲ್ಲ. ನೀರು ಹೊರಗೆ ಹೋಗುವ ತೂತು ಎರಡು ಎಲೆ ಬಿದ್ದರೆ ಮುಚ್ಚುವಷ್ಟು ಸಣ್ಣದು. ಸದ್ದು ಬರದಿರಲಿ ಅಂತ ನೆಲಕ್ಕೆ ಅಂಟಿಸಿದ ಹಾಸು ಒಂದು ಸಲ ನೆನೆದರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಅದರ ಮೇಲೆ 1969ರ ಶರತ್ಕಾಲದಿಂದ ಇಟಲಿಯ ಫ್ಯಾಕ್ಟರಿಗಳಲ್ಲಿ ಶುರುವಾದ ಮುಷ್ಕರಗಳು. ಲೈನ್ ನಿಂತರೆ ಇನ್ನೂ ಪೇಂಟ್ ಕಾಣದ ಬಾಡಿಗಳೂ ಇದ್ದಲ್ಲೇ ನಿಂತವು. ಇಷ್ಟಾದ ಮೇಲೆ ಉಕ್ಕು ಯಾವ ದೇಶದ್ದಾದರೇನು.

ದೊಡ್ಡ ರಾದ್ಧಾಂತ ಆಗಿದ್ದು 1980ರಲ್ಲಿ, ಬ್ರಿಟನ್ನಿನಲ್ಲಿ. ಲಾಂಚಿಯಾ ಬೀಟಾ ಕಾರುಗಳಲ್ಲಿ ಎಂಜಿನ್ ಹೊತ್ತುಕೊಳ್ಳುವ ಸಬ್‌ಫ್ರೇಮ್ ತುಕ್ಕಿಗೆ ಸೊರಗಿಹೋಗಿತ್ತು. ಪತ್ರಿಕೆಗಳು ಬೆನ್ನು ಹತ್ತಿದವು, ಕಂಪನಿ ಎಷ್ಟೋ ಕಾರುಗಳನ್ನು ತಾನೇ ವಾಪಸ್ ಕೊಂಡು ಗುಜರಿಗೆ ಹಾಕಿತು. ಆ ಹೆಸರು ಅಲ್ಲಿ ಮತ್ತೆ ಮೇಲೇಳಲೇ ಇಲ್ಲ. 1990ರ ದಶಕದ ಮಧ್ಯದ ಹೊತ್ತಿಗೆ ಲಾಂಚಿಯಾ ಆ ಮಾರುಕಟ್ಟೆಯನ್ನೇ ಬಿಟ್ಟಿತು. 1988ರಲ್ಲಿ ಫಿಯೆಟ್ ಟಿಪೊ ಬಂದಾಗ ಸತುವಿನ ಲೇಪನದ ತಗಡು ಹಾಕಿದರು, ತುಕ್ಕಿನ ಕಾಟ ಹತೋಟಿಗೆ ಬಂತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಇಷ್ಟೆಲ್ಲ ಬರೆದ ಮೇಲೆ ಇದನ್ನು ಯಾಕೆ ಇಟ್ಟುಕೊಂಡಿದ್ದೀಯ ಅಂತ ನೀವು ಕೇಳೇ ಕೇಳುತ್ತೀರಿ. ಒಂದು ಸಲ ಒಳಗೆ ಕೂತು ನೋಡಿ. ಮೊದಲು ಬೈಕೊಳ್ಳುತ್ತೀರಿ. ಪೆಡಲ್ ತೀರಾ ಹತ್ತಿರ, ಸ್ಟೀರಿಂಗ್ ತೀರಾ ದೂರ, ಮೊಣಕಾಲು ಕಿವಿಯ ಹತ್ತಿರ, ಕೈ ಮಾತ್ರ ಪೂರ್ತಿ ಚಾಚಿರುತ್ತದೆ. ಕೋತಿಯ ಅಳತೆ ತಗೊಂಡು ಮಾಡಿದ್ದು ಅಂತ ಹಳೆಯ ಜೋಕು. ಡ್ಯಾಶ್‌ಬೋರ್ಡಲ್ಲಿ ಇಟಾಲಿಯನ್ ಮಾತು: ಬೆನ್‌ಜೀನಾ, ಆಕ್ವಾ, ಓಲ್ಯೊ. ಪೆಟ್ರೋಲ್, ನೀರು, ಆಯಿಲ್, ಅಷ್ಟೆ. ಆದರೆ ಆಕ್ವಾ ಬಿಸಿಯಾಗಿದೆ ಅನ್ನುವಾಗ ಬರುವ ಆತಂಕದಲ್ಲಿ ಒಂಥರಾ ಗತ್ತಿದೆ. ಆಮೇಲೆ ಮೂರನೇ ಗೇರಲ್ಲಿ ಏರು ಹತ್ತುತ್ತಾ ಆರ್‌ಪಿಎಂ ಮುಳ್ಳು 3500 ದಾಟುತ್ತದೆ, ಎರಡೂ ಕಾರ್ಬುರೇಟರ್ ಬಾಯಿಬಿಟ್ಟು ಗಾಳಿ ಎಳೆಯುವ ಸದ್ದು ಎಕ್ಸಾಸ್ಟ್ ಸದ್ದಿಗಿಂತ ಜೋರಾಗುತ್ತದೆ, ಅಲ್ಲಿಯ ತನಕ ಗೊಣಗುತ್ತಿದ್ದ ಎಂಜಿನ್ ಹಾಡೋಕೆ ಶುರು ಮಾಡುತ್ತದೆ. ನಾನು ಆಗ ಮಾತು ನಿಲ್ಲಿಸುತ್ತೇನೆ. ಪಕ್ಕದಲ್ಲಿ ಯಾರಿದ್ದರೂ ಅವರೂ ನಿಲ್ಲಿಸುತ್ತಾರೆ.

ಇವನ್ನು ಮೆಲ್ಲಗೆ ಓಡಿಸಿದರೆ ಕೆಡುತ್ತವೆ, ಇದು ಸುಳ್ಳಲ್ಲ. ಸದಾ ಕಮ್ಮಿ ಆರ್‌ಪಿಎಂನಲ್ಲಿ ತೆವಳಿಸಿದರೆ ಪ್ಲಗ್ಗಿಗೆ, ವಾಲ್ವಿಗೆ ಮಸಿ ಕಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಗಾಗ ಹತ್ತು ನಿಮಿಷ ಕೆಂಪು ಗೆರೆಯ ಹತ್ತಿರ ಓಡಿಸಿದರೆ ಒಂದಷ್ಟು ಸುಟ್ಟು ಹೋಗುತ್ತದೆ. ಇದಕ್ಕೆ ಜಗತ್ತೇ ಇಟಾಲಿಯನ್ ಟ್ಯೂನಪ್ ಅಂತ ಹೆಸರಿಟ್ಟಿದೆ. ಚೆನ್ನಾಗಿ ಓಡಿಸುವುದೇ ರಿಪೇರಿ. ಇಂಥ ಚಿಕಿತ್ಸೆ ಇನ್ಯಾವ ದೇಶದ ಹೆಸರಲ್ಲೂ ಇಲ್ಲ.

ವೇಗವೇ ಇರಬೇಕಂತಲೂ ಇಲ್ಲ. ಫಿಯೆಟ್ ಎಂಜಿನಿಯರ್ ದಾಂತೆ ಜಿಯಾಕೋಸಾ 1957ರಲ್ಲಿ ಮಾಡಿದ ಫಿಯೆಟ್ 500ಕ್ಕೆ 479 ಸಿಸಿ, ಶುರುವಿನಲ್ಲಿ ಬರೀ 13 ಹಾರ್ಸ್‌ಪವರ್. ಉದ್ದ ಮೂರು ಮೀಟರಿಗೂ ಕಮ್ಮಿ. ಸ್ಟಾರ್ಟ್ ಮಾಡುವ ಲಿವರ್ ಎರಡು ಸೀಟಿನ ಮಧ್ಯೆ ನೆಲದ ಮೇಲೆ, ಅದರ ಪಕ್ಕದಲ್ಲೇ ಚೋಕ್, ಹಾಗಾಗಿ ಹೊಸಬರು ತಪ್ಪದೇ ತಪ್ಪು ಎಳೆಯುತ್ತಾರೆ. ಗೇರಿಗೆ ಸಿಂಕ್ರೊ ಇಲ್ಲವೇ ಇಲ್ಲ. ಇಳಿಸುವಾಗ ಕ್ಲಚ್ ಎರಡು ಸಲ ತುಳಿಯಬೇಕು, ಮಧ್ಯೆ ನ್ಯೂಟ್ರಲಲ್ಲಿ ಒಂಚೂರು ಆಕ್ಸಿಲರೇಟರ್ ಕೊಡಬೇಕು. ಗೆಳೆಯನೊಬ್ಬನ 500 ಓಡಿಸಿದ್ದೇನೆ. ಗಂಟೆಗೆ 60ರಲ್ಲಿ ಹೋಗುತ್ತಾ ನೂರೈವತ್ತರಲ್ಲಿ ಹೋದ ಖುಷಿ. ನಾಲ್ಕು ಕೈ ಬೇಕಿತ್ತು, ಎರಡೇ ಇದ್ದವು.

ಬಿಡಿಭಾಗದ ವಿಷಯ ಬೇಗ ಮುಗಿಸುತ್ತೇನೆ. ಪಿಸ್ಟನ್, ವಾಲ್ವು, ಬೇರಿಂಗ್, ಗ್ಯಾಸ್ಕೆಟ್ ಎಲ್ಲ ಹುಡುಕಿದರೆ ಸಿಗುತ್ತವೆ, ಯಾರೋ ಪುಣ್ಯಾತ್ಮರು ಹೊಸದಾಗಿ ಮಾಡುತ್ತಲೇ ಇದ್ದಾರೆ. ಸಿಗದೇ ಇರುವುದು ಹಿಂದಿನ ಲೈಟಿನ ಗಾಜು, ಕಿಟಕಿಯ ಹಿಡಿ, ಡ್ಯಾಶ್‌ಬೋರ್ಡಿನ ಒಂದು ಪ್ಲಾಸ್ಟಿಕ್ ಬಟನ್. ಇನ್ನೊಂದು ವಿಷಯ, ಮಾಡೆಲ್ ಮತ್ತು ವರ್ಷ ಹೇಳಿದರೆ ಸಾಲದು. ಒಂದೇ ಆಲ್ಫಾ ಮಾಡೆಲ್ಲಿಗೆ ವೆಬರ್, ಸೋಲೆಕ್ಸ್, ದೆಲ್ಲೊರ್ತೊ ಮೂರೂ ಕಂಪನಿಯ ಕಾರ್ಬುರೇಟರ್ ಹಾಕಿದ ಉದಾಹರಣೆ ಇದೆ. ಹಾಗಾಗಿ ಆರ್ಡರ್ ಮಾಡುವ ಮೊದಲು ಟಾರ್ಚ್ ಹಿಡಿದು ಸ್ವಂತ ಕಣ್ಣಲ್ಲಿ ನೋಡಿ. ನಾನು ನೋಡದೆ ತರಿಸಿದ ಎರಡು ಗ್ಯಾಸ್ಕೆಟ್ ಸೆಟ್ ಕಪಾಟಿನಲ್ಲಿವೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಒಬ್ಬರ ಹೆಸರು ಹೇಳದೆ ಇದನ್ನು ಮುಗಿಸಲಾರೆ. ಜುಸೆಪ್ಪೆ ಬುಸ್ಸೊ. ಆಲ್ಫಾದ ವಿ6 ಎಂಜಿನ್ ಇವರದು, 1979ರಲ್ಲಿ ಬಂತು. ಮುಂದಿನ ವರ್ಷಗಳಲ್ಲಿ ಅದರ ಮೇಲೆ ಸಾಲಾಗಿ ಹೊಳೆಯುವ ಆರು ಪೈಪುಗಳು ಬಂದವು. ಬಾನೆಟ್ ತೆರೆದು ತೋರಿಸೋಕೇ ಮಾಡಿದ ಹಾಗಿವೆ. ಪ್ಲಾಸ್ಟಿಕ್ ಮುಚ್ಚಳ ಹಾಕಿ ಎಂಜಿನ್ ಬಚ್ಚಿಡುವ ಈ ಕಾಲದಲ್ಲಿ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ನಡೆದ ಅದರ ತಯಾರಿಕೆ 2005ರ ಕೊನೆಗೆ ನಿಂತಿತು. ಬುಸ್ಸೊ ಅದಾದ ಕೆಲವೇ ದಿನಕ್ಕೆ, 2006ರ ಜನವರಿಯ ಮೊದಲ ವಾರದಲ್ಲಿ, ತೀರಿಕೊಂಡರು. ತೊಂಬತ್ತರ ಮೇಲೆ ವಯಸ್ಸಾಗಿತ್ತು, ಕಾಕತಾಳೀಯ ಅಂತ ಗೊತ್ತು. ಆದರೂ ಹಳೇ ಆಲ್ಫಾದವರು ಇಬ್ಬರು ಸೇರಿದರೆ ಈ ಮಾತು ಬಂದೇ ಬರುತ್ತದೆ, ಬಂದಾಗ ಇಬ್ಬರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಕಳೆದ ಭಾನುವಾರ ಬೆಳಗ್ಗೆ ಎಂದಿನ ಹಾಗೆ ಹೊರಟೆ. ಎರಡು ಸಲ ಒತ್ತಿ, ಚೋಕ್ ಎಳೆದು, ಮೊದಲನೆಯದು, ಮೂರನೆಯದು. ರಸ್ತೆಯಲ್ಲಿ ಒಂದು ಹಳ್ಳ ಬಂತು, ಕಾರು ದಡಬಡ ಅಂತು. ಸ್ವಲ್ಪ ಹೊತ್ತಿಗೆ ಎಲ್ಲೋ ಟಿಕ್ ಟಿಕ್ ಸದ್ದು. ಹೊಸ ಸದ್ದು ಅಂದರೆ ನಮ್ಮಂಥವರಿಗೆ ಜೀವ ಬಾಯಿಗೆ ಬರುತ್ತದೆ. ಕಿಟಕಿ ಇಳಿಸಿ ಕೇಳಿದೆ, ಎಂಜಿನ್ನಿನ ಟ್ಯಾಪೆಟ್ ಅಲ್ಲ. ಚಕ್ರದಿಂದಲೂ ಅಲ್ಲ, ವೇಗ ಕಮ್ಮಿ ಮಾಡಿದರೂ ಸದ್ದು ಅಷ್ಟೇ ಇತ್ತು. ಆಮೇಲೆ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ನಾಲ್ಕೂ ಇಪ್ಪತ್ತೆರಡು. ಇಷ್ಟು ವರ್ಷಕ್ಕೆ ಗಡಿಯಾರ ಓಡುತ್ತಿತ್ತು!

ಖುಷಿಯಿಂದ ಮನೆಗೆ ಬಂದು ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿದಳು, ಒಂದು ಕ್ಷಣ ಯೋಚಿಸಿದಳು, "ಹಾಗಾದ್ರೆ ಬೇರೆ ಏನೋ ನಿಂತಿರಬೇಕು, ನೋಡಿ" ಅಂದಳು.

ನೋಡಿದೆ. ಹಾರ್ನ್.